ನಮ್ಮ ಜನರೇಟರಿನ ಜಮಾಖರ್ಚು

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾನು ಇಂಜಿನಿಯರನಲ್ಲ. ಮೆಟ್ರಿಕ್‌ವರೆಗೆ ಓದಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸಂಜೆ ಇಲ್ಲಿ ಪತ್ರಿಕೆ ಜೋಡಿಸಿಡುವವನು. ಆದರೂ ಯಂತ್ರದ ವಿಷಯ ಮಾತನಾಡಲು ಎದ್ದಿದ್ದೇನೆ; ಏಕೆಂದರೆ ತಪ್ಪು ನನ್ನದಾಗಿತ್ತು.

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ತಮಗೆ ನೆನಪಿರಬೇಕು. ತಗ್ಗಿನ ಬಡಾವಣೆಗಳಲ್ಲಿ ನೀರು ನುಗ್ಗಿತು, ಅನೇಕ ಕಡೆ ಕರೆಂಟು ಹೋಯಿತು. ನಮ್ಮ ಬೀದಿಯ ಹಿರಿಯರೊಬ್ಬರು ಮನೆಯಲ್ಲಿ ಆಕ್ಸಿಜನ್ ಯಂತ್ರದ ಆಸರೆಯಲ್ಲಿದ್ದರು. ಅವರ ಮಗ ನಮ್ಮ ಜನರೇಟರ್ ಕೇಳಿಕೊಂಡು ಓಡಿಬಂದ. ಇಪ್ಪತ್ತು ಸಲ ಹಗ್ಗ ಎಳೆದೆ. ಅದು ಕೆಮ್ಮಲೂ ಇಲ್ಲ! ಕೊನೆಗೆ ಬೇರೆ ಕಡೆಯಿಂದ ಸಿಲಿಂಡರ್ ಸಿಕ್ಕಿ ಹಿರಿಯರು ಉಳಿದರು.

ಮರುವಾರ ಮೆಕ್ಯಾನಿಕ್ಕು ಬಿಚ್ಚಿ ತೋರಿಸಿದ. ಹಿಂದಿನ ರಾಜ್ಯೋತ್ಸವಕ್ಕೆ ಹಾಕಿದ ಪೆಟ್ರೋಲು ಹನ್ನೊಂದು ತಿಂಗಳು ಹಾಗೇ ಉಳಿದು, ಕಾರ್ಬುರೇಟರಿನ ಬಟ್ಟಲಿನಲ್ಲಿ ಬೆಲ್ಲದ ಪಾಕದಂತೆ ಅಂಟಾಗಿತ್ತು. ಸೂಜಿಮೊನೆಯಷ್ಟು ಸಣ್ಣ ಜೆಟ್ಟು ಕಟ್ಟಿಕೊಂಡಿತ್ತು. ಯಂತ್ರ ಕೆಟ್ಟಿದ್ದು ಓಡಿ ಅಲ್ಲ, ಸುಮ್ಮನೆ ಕೂತು! ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುವುದರಿಂದ ಇನ್ನೂ ಎಚ್ಚರ ಬೇಕು. ಆದ್ದರಿಂದ ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕು ಬರಿದು ಮಾಡಿ, ಪೆಟ್ರೋಲಿನ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು.

ಇನ್ನು ಆಯಿಲ್. ನಮ್ಮಂಥ ಸಣ್ಣ ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಗಂಟೆಗೆ ಗುಣಿಸಿ ನೋಡಿ: 1,80,000 ಸುತ್ತು. ಇಷ್ಟಕ್ಕೂ ಕಾವಲಿರುವುದು ಅರ್ಧ ಲೀಟರಿನ ಆಸುಪಾಸಿನ ಆಯಿಲ್. ಹೊಸ ಯಂತ್ರಕ್ಕೆ ಮೊದಲ 20 ಗಂಟೆಯಲ್ಲಿ, ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಬೇಕೆಂದು ನಮ್ಮ ಕೈಪಿಡಿ ಹೇಳುತ್ತದೆ. ಬೆಚ್ಚಗಿರುವಾಗ ತೆಗೆದರೆ ಕಸವೆಲ್ಲ ಜೊತೆಗೇ ಇಳಿಯುತ್ತದೆ. ಗಾಳಿ ಸೋಸುವ ಸ್ಪಂಜನ್ನು ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಸ್ವಲ್ಪ ಆಯಿಲ್ ಹಚ್ಚಿ ಹಿಂಡಿ ಹಾಕಿದರಾಯಿತು. ಇದನ್ನು ಹುಡುಗರೂ ಮಾಡಬಲ್ಲರು.

ಸ್ಕೂಟರಿಗೆ ಕಿಲೋಮೀಟರಿನ ಲೆಕ್ಕವಿದೆ, ನಮ್ಮ ಜನರೇಟರಿಗೆ ಅದಿಲ್ಲ. ನೂರು ಗಂಟೆ ಆಯಿತೆಂದು ಯಾರು ಹೇಳಬೇಕು? ನನಗೆ ಬರುವ ವಿದ್ಯೆ ಒಂದೇ. ಒಂದು ಪುಸ್ತಕಕ್ಕೆ ಗೆರೆ ಎಳೆದೆ. ತಾರೀಖು, ಓಡಿದ ಗಂಟೆ, ಹಾಕಿದ ಪೆಟ್ರೋಲು, ಆಯಿಲ್ ಬದಲಿಸಿದ ದಿನ, ರುಜು. ತಿಂಗಳಿಗೊಮ್ಮೆ ಹೊಸ ಪೆಟ್ರೋಲು ಹಾಕಿ, ಫ್ಯಾನು ದೀಪಗಳ ಭಾರ ಕೊಟ್ಟು, ಕಾಲು ಗಂಟೆ ಓಡಿಸುತ್ತೇವೆ.

ಇನ್ನೊಂದು ವಿಚಾರ ನೆನೆದರೆ ಇಂದಿಗೂ ಮೈ ನಡುಗುತ್ತದೆ. ಆ ರಾತ್ರಿ ಯಂತ್ರ ಚಾಲೂ ಆಗಿದ್ದರೆ, ಮಳೆಗೆ ಹೆದರಿ ಅದನ್ನು ಆ ಹಿರಿಯರ ಪಡಸಾಲೆಯಲ್ಲೇ ಇಡುತ್ತಿದ್ದೆವು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಿಟಕಿ ತೆರೆದಿದ್ದರೂ ಸಾಲದು. ಬಯಲಿನಲ್ಲಿ, ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರ, ನೆನೆಯದಂತೆ ಮೇಲೆ ಮಾತ್ರ ಮರೆಮಾಡಿ ಇಡಬೇಕು. ಮನೆಯ ಪ್ಲಗ್ಗಿಗೆ ನೇರ ತಂತಿ ಸಿಕ್ಕಿಸುವುದೂ ಬೇಡ. ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಅದು ಕುತ್ತು.

ಪುಸ್ತಕವನ್ನು ಪತ್ರಿಕೆಗಳ ಸ್ಟ್ಯಾಂಡಿನ ಪಕ್ಕ ಮೊಳೆಗೆ ನೇತುಹಾಕಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಯಂತ್ರ ಓಡಿಸುವ ಸರದಿ. ಅಂದು ಮಿಲ್ಲಿನಲ್ಲಿ ನನಗೆ ದಾಸ್ತಾನಿನ ಲೆಕ್ಕವಿದೆ. ಹಗ್ಗ ಎಳೆಯಲು ಯಾರು ಬರುವಿರೋ ಈಗಲೇ ಹೆಸರು ಬರೆಸಿ.