ಜಪಾನಿನ ಹೆಣ್ಣುಮಕ್ಕಳ ಕಾಲ್ಚೆಂಡಾಟ

(ಯುವಕ ಮಂಡಲದ ವಾರ್ಷಿಕ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನನ್ನನ್ನು ಮಾತನಾಡಲು ಕರೆದಾಗಲೆಲ್ಲ ಗೊಬ್ಬರದ ಗುಂಡಿಯ ವಿಷಯವನ್ನೋ ಬೀಜೋಪಚಾರದ ವಿಷಯವನ್ನೋ ಎತ್ತುವವನು ನಾನು. ಇಂದು ಅವೆರಡನ್ನೂ ಬಿಟ್ಟು ಒಂದು ಆಟದ ಸಂಗತಿಯನ್ನು ಹೇಳುತ್ತೇನೆಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಇದಕ್ಕೊಂದು ಕಾರಣವುಂಟು.

ಹೋದ ತಿಂಗಳ ಸಭೆಗೆ ಹೈಸ್ಕೂಲಿನ ಆರೇಳು ಹುಡುಗಿಯರು ಬಂದು, ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ವಾರಕ್ಕೆ ಎರಡು ಸಂಜೆ ತಮಗೂ ಕಾಲ್ಚೆಂಡು ಆಡಲು ಬಿಡಬೇಕೆಂದು ಕೇಳಿದರು. ಹಿರಿಯರೊಬ್ಬರು, "ಅಲ್ಲ ಕಣವ್ವಾ, ಹೆಣ್ಣುಮಕ್ಕಳು ಚೆಂಡು ಒದ್ದರೆ ಯಾರಿಗೆ ಏನು ಬಂದೀತು?" ಎಂದರು. ಸಭೆಯೆಲ್ಲ ನಕ್ಕಿತು. ಹುಡುಗಿಯರು ತಲೆ ತಗ್ಗಿಸಿಕೊಂಡು ಹೊರಟುಹೋದರು. ನಾನೂ ಅಲ್ಲಿಯೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಆ ಹಿರಿಯರು ಇಂದೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಕೇಳಿದುದು ಕೆಟ್ಟ ಪ್ರಶ್ನೆಯೇನೂ ಅಲ್ಲ. ಹೊಸ ತಳಿಯ ಬೀಜ ತಂದಾಗಲೂ ನೀವು ನನ್ನನ್ನು ಹಾಗೆಯೇ ಕೇಳುತ್ತೀರಿ, ಕೇಳಲೂಬೇಕು. ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇನೆ.

ಕಾಲ್ಚೆಂಡಾಟದಲ್ಲಿ ಒಂದೊಂದು ಪಕ್ಷಕ್ಕೆ ಹನ್ನೊಂದು ಜನ, ಆಟ ತೊಂಬತ್ತು ನಿಮಿಷ. ಇದನ್ನು ನಮ್ಮ ಹುಡುಗರು ಬಲ್ಲರು. ನಾನು ಹೇಳುವುದು ಜಪಾನ್ ದೇಶದ ಹೆಣ್ಣುಮಕ್ಕಳ ತಂಡದ ಮಾತು.

ಆ ತಂಡ ಬೇರೆ ದೇಶದ ಎದುರು ಮೊದಲ ಪಂದ್ಯವಾಡಿದುದು 1981ರ ಜೂನ್ 7ರಂದು, ಹಾಂಗ್‌ಕಾಂಗ್‌ನಲ್ಲಿ. ಅದು ಏಷ್ಯದ ಹೆಣ್ಣುಮಕ್ಕಳ ಪಂದ್ಯಾವಳಿ. ತೈವಾನಿನವರ ಎದುರು ಒಂದು ಗೋಲಿನಿಂದ ಸೋತರು. ಮೂರು ಪಂದ್ಯ ಆಡಿ ಒಂದನ್ನು ಗೆದ್ದು ಊರಿಗೆ ಮರಳಿದರು. ಈಗ ಇದನ್ನು ಕೇಳಿ: ಅದೇ ಪಂದ್ಯಾವಳಿಯಲ್ಲಿ ನಮ್ಮ ಭಾರತದ ಹೆಣ್ಣುಮಕ್ಕಳು ಮೂರನೆಯ ಸ್ಥಾನ ಪಡೆದರು! ಅದಕ್ಕೆ ಹಿಂದೆ ಕಲ್ಲಿಕೋಟೆಯಲ್ಲಿ ನಡೆದುದರಲ್ಲಿ ನಮ್ಮದು ಎರಡನೆಯ ಸ್ಥಾನ. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯದು. ಅಂದರೆ ಅಂದಿನ ಲೆಕ್ಕಕ್ಕೆ ಜಪಾನಿನವರು ನಮಗಿಂತ ಹಿಂದಿದ್ದವರು. ಇದನ್ನು ನಮ್ಮ ಹೈಸ್ಕೂಲಿನ ಮೇಷ್ಟರಿಗೆ ಹೇಳಿದಾಗ ಅವರು ನಂಬಲೇ ಇಲ್ಲ.

ಮುಂದೆ ಅವರು ಏರಿದರು, ನಾವು ಇಳಿದೆವು. ಇದು ಹೇಗಾಯಿತು?

ಜಪಾನಿನಲ್ಲಿ 1989ರಲ್ಲಿಯೇ ಹೆಣ್ಣುಮಕ್ಕಳ ತಂಡಗಳಿಗೆಂದು ವರ್ಷ ವರ್ಷವೂ ನಡೆಯುವ ಲೀಗ್ ಪಂದ್ಯಗಳು ಆರಂಭವಾದವು. ನಮ್ಮ ದೇಶದಲ್ಲಿ ಅಂಥ ರಾಷ್ಟ್ರೀಯ ಲೀಗ್ ಬಂದುದು 2016-17ರಲ್ಲಿ. ನಡುವೆ ಇಪ್ಪತ್ತೇಳು ವರ್ಷ. ಒಂದು ಹೊಲವನ್ನು ಇಪ್ಪತ್ತೇಳು ವರ್ಷ ಬೀಳುಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಲೀಗ್ ಬಂದ ಮಾತ್ರಕ್ಕೆ ಫಲ ಬಂದುಬಿಡಲಿಲ್ಲ. 1991ರಲ್ಲಿ ಚೀನದಲ್ಲಿ ಹೆಣ್ಣುಮಕ್ಕಳ ಮೊದಲ ವಿಶ್ವಕಪ್ ನಡೆಯಿತು. ಜಪಾನಿನವರು ಮೂರು ಪಂದ್ಯ ಆಡಿ ಮೂರನ್ನೂ ಸೋತರು. ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. ಸ್ವೀಡನ್ನಿನವರು ಅವರಿಗೆ ಎಂಟು ಗೋಲು ಹೊಡೆದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿಯೂ ಮೂರಕ್ಕೆ ಮೂರು ಸೋಲು. ಅಷ್ಟರಲ್ಲಿ ಆ ದೇಶದ ವ್ಯಾಪಾರ ಕುಸಿದಿತ್ತು. ತಂಡಗಳನ್ನು ಸಾಕುತ್ತಿದ್ದ ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋಗುವ ಅರ್ಹತೆಯೇ ಸಿಗಲಿಲ್ಲ. ಅಲ್ಲಿಗೆ ಈ ಆಟ ಮುಗಿಯಿತೆಂದು ಹೇಳಿದವರು ಜಪಾನಿನಲ್ಲಿಯೂ ಇದ್ದಿರಬೇಕು. ಅಂಥವರು ಎಲ್ಲ ಊರಿನಲ್ಲಿಯೂ ಇರುತ್ತಾರೆ.

ಆಡುವವರು ಮಾತ್ರ ಬಿಡಲಿಲ್ಲ. ಹಗಲು ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ದುಡಿದು ಸಂಜೆ ಬಂದು ಅಭ್ಯಾಸ ಮಾಡಿದ ಹೆಣ್ಣುಮಕ್ಕಳು ಅವರು. ಬರಗಾಲದಲ್ಲಿ ಹಸಿದರೂ ಬಿತ್ತನೆ ಬೀಜದ ಮಡಕೆಗೆ ಕೈಹಾಕದ ಮನೆಗಳನ್ನು ನಾವು ಕಂಡಿದ್ದೇವಲ್ಲ, ಹಾಗೆ. ಹೊಮಾರೆ ಸಾವಾ ಎಂಬಾಕೆ ದೇಶದ ತಂಡಕ್ಕೆ ಬಂದುದು 1993ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ; ನಮ್ಮ ಒಂಬತ್ತು ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು. 2004ರ ಏಪ್ರಿಲ್‌ನಲ್ಲಿ ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಉತ್ತರ ಕೊರಿಯದ ಎದುರು ಗೆದ್ದರೆ ಮಾತ್ರ ಅಥೆನ್ಸ್ ಒಲಿಂಪಿಕ್ಸ್ ಎಂಬ ಸ್ಥಿತಿ ಬಂದಾಗ, ಆಕೆ ಮೊಣಕಾಲು ನೋವಿನಲ್ಲಿಯೇ ಆಡಿದಳು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೋಡಲು ಬಂದಿದ್ದರು. ಜಪಾನ್ ಮೂರು ಗೋಲುಗಳಿಂದ ಗೆದ್ದಿತು.

ಅದೇ ವರ್ಷ ಜನರಿಂದ ಹೆಸರುಗಳನ್ನು ಕೇಳಿ ತಂಡಕ್ಕೆ 'ನಾದೆಶಿಕೊ' ಎಂದು ಹೆಸರಿಟ್ಟರು. ನಾದೆಶಿಕೊ ಎಂಬುದು ಒಂದು ಹೂವು. ಗುಲಾಬಿ ಬಣ್ಣ, ಎಸಳಿನ ಅಂಚು ಹರಿದ ಸೆರಗಿನಂತೆ ಎಳೆ ಎಳೆ. ಆ ದೇಶದಲ್ಲಿ ಸೌಮ್ಯಳಾದ, ಮನೆವಾರ್ತೆಯಲ್ಲಿ ನಿಪುಣಳಾದ ಹೆಣ್ಣನ್ನು ಈ ಹೂವಿಗೆ ಹೋಲಿಸುವುದು ಹಳೆಯ ವಾಡಿಕೆ. ಅದೇ ಹೆಸರನ್ನು ಚೆಂಡು ಒದೆಯುವ ಹುಡುಗಿಯರಿಗೆ ಇಟ್ಟರು. ಮಹಿಳಾ ಮಂಡಲದ ತಾಯಂದಿರು ಇದನ್ನು ಗಮನಿಸಬೇಕು.

ಇನ್ನು 2011ಕ್ಕೆ ಬರುತ್ತೇನೆ. ಆ ವರ್ಷ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ ಸಮುದ್ರವೇ ಎದ್ದು ಒಳನುಗ್ಗಿತು. ಸುಮಾರು ಹದಿನೆಂಟು ಸಾವಿರ ಜನ ಸತ್ತರು ಇಲ್ಲವೆ ಕಾಣೆಯಾದರು. ಇಪ್ಪತ್ತಮೂರು ಸಾವಿರ ಹೆಕ್ಟೇರಿಗೂ ಹೆಚ್ಚು ಸಾಗುವಳಿ ಭೂಮಿಯ ಮೇಲೆ ಉಪ್ಪುನೀರು ಹರಿಯಿತು, ಹೆಚ್ಚಿನದು ಭತ್ತದ ಗದ್ದೆ. ಉಪ್ಪು ಹತ್ತಿದ ಗದ್ದೆಗೆ ಸಿಹಿನೀರು ಕಟ್ಟಿ, ಬಸಿದು, ಮತ್ತೆ ಕಟ್ಟಿ ತೊಳೆಯಬೇಕು. ಆ ಕಷ್ಟ ರೈತನಿಗೇ ಗೊತ್ತು. ಫುಕುಶಿಮಾದ ಅಣು ವಿದ್ಯುತ್ ಸ್ಥಾವರ ಕೆಟ್ಟು ಸುತ್ತಲಿನ ಹಳ್ಳಿಗಳು ಖಾಲಿಯಾದವು. ಅಲ್ಲಿಗೆ ಹತ್ತಿರದಲ್ಲಿ ದೇಶದ ಕಾಲ್ಚೆಂಡು ತರಬೇತಿ ಕೇಂದ್ರವೊಂದಿತ್ತು, ಹಸಿರು ಹುಲ್ಲಿನ ಮೈದಾನಗಳು. ಅದು ಸ್ಥಾವರದ ಅಪಾಯವನ್ನು ಹತೋಟಿಗೆ ತರುವ ಕೆಲಸಗಾರರ ಬಿಡಾರವಾಯಿತು. ಆ ವಿದ್ಯುತ್ ಕಂಪನಿಯೇ ಒಂದು ಹೆಣ್ಣುಮಕ್ಕಳ ತಂಡವನ್ನು ಸಾಕಿತ್ತು. ಆ ತಂಡವೂ ನಿಂತುಹೋಯಿತು.

ಇಂಥ ವರ್ಷದ ಬೇಸಿಗೆಯಲ್ಲಿ ಅವರು ವಿಶ್ವಕಪ್ ಆಡಲು ಜರ್ಮನಿಗೆ ಹೋದರು. ಎಂಟರ ಘಟ್ಟದಲ್ಲಿ ಎದುರಾಳಿ ಜರ್ಮನಿಯೇ. ಹಿಂದಿನ ಎರಡು ವಿಶ್ವಕಪ್ ಗೆದ್ದವರು, ಆಡುವುದು ತಮ್ಮದೇ ನೆಲದಲ್ಲಿ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 108ನೆಯ ನಿಮಿಷದಲ್ಲಿ, ಕರೀನಾ ಮಾರುಯಾಮ ಎಂಬಾಕೆ ಗೋಲು ಹೊಡೆದಳು. ಈಕೆ ಹಿಂದೆ ಅದೇ ವಿದ್ಯುತ್ ಕಂಪನಿಯ ತಂಡದಲ್ಲಿ ಆಡುತ್ತ, ಅದೇ ಫುಕುಶಿಮಾ ಸ್ಥಾವರದಲ್ಲಿ ನೌಕರಿ ಮಾಡಿದ್ದವಳು.

ಕೊನೆಯ ಪಂದ್ಯ ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ಅಮೆರಿಕದ ಎದುರು. ಅದಕ್ಕೆ ಮುಂಚೆ ಇವೆರಡು ತಂಡಗಳು 25 ಸಲ ಆಡಿದ್ದವು. ಜಪಾನ್ ಒಮ್ಮೆಯೂ ಗೆದ್ದಿರಲಿಲ್ಲ. ಅಮೆರಿಕದವರು ಎತ್ತರದ ಆಳುಗಳು, ಬಲವಾಗಿ ಓಡುವವರು. ಜಪಾನಿನವರು ಗಿಡ್ಡ, ಆದುದರಿಂದ ಚೆಂಡನ್ನು ಗಾಳಿಗೆ ಎತ್ತದೆ ನೆಲದ ಮೇಲೆಯೇ ಕಾಲಿಂದ ಕಾಲಿಗೆ ಸಣ್ಣಗೆ ದಾಟಿಸುವ ಆಟವನ್ನು ರೂಢಿಸಿಕೊಂಡಿದ್ದರು. ಅಮೆರಿಕ ಮೊದಲು ಗೋಲು ಹೊಡೆಯಿತು. ಜಪಾನ್ ಸಮ ಮಾಡಿತು. ಹೆಚ್ಚುವರಿ ಆಟದಲ್ಲಿ ಅಮೆರಿಕ ಮತ್ತೆ ಮುಂದಾಯಿತು. ಮೂರು ನಿಮಿಷ ಉಳಿದಿರುವಾಗ ಮೂಲೆಯಿಂದ ಬಂದ ಚೆಂಡಿಗೆ ಸಾವಾ ಪಾದದ ಹೊರಬದಿಯನ್ನು ಒಡ್ಡಿದಳು, ಚೆಂಡು ಒಳಗೆ! ಆಗ ಆಕೆಗೆ ಮೂವತ್ತೆರಡು ವಯಸ್ಸು. ಅದು ಆಕೆಯ ಐದನೆಯ ವಿಶ್ವಕಪ್. ಬಳಿಕ ಪೆನಾಲ್ಟಿ ಒದೆತದಲ್ಲಿ ಜಪಾನ್ 3-1ರಿಂದ ಗೆದ್ದಿತು. ಏಷ್ಯದ ತಂಡವೊಂದು ವಿಶ್ವಕಪ್ ಗೆದ್ದುದು ಅದೇ ಮೊದಲು. ಗಂಡಸರ ತಂಡಗಳೂ ಇದುವರೆಗೆ ಗೆದ್ದಿಲ್ಲ. ನಾನಾಗ ಹೈಸ್ಕೂಲಿನಲ್ಲಿದ್ದೆ. ಪತ್ರಿಕೆಯಲ್ಲಿ ಆ ಹುಡುಗಿಯರು ಕಪ್ ಎತ್ತಿದ ಚಿತ್ರವನ್ನು ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ.

ಈಗ ಹಿರಿಯರ ಪ್ರಶ್ನೆ: ಯಾರಿಗೆ ಏನು ಬಂತು? ನಿಜ ಹೇಳಬೇಕು. ಆ ಕಪ್ಪಿನಿಂದ ಗದ್ದೆಯ ಉಪ್ಪು ತೊಳೆದುಹೋಗಲಿಲ್ಲ, ಸತ್ತವರು ಬರಲಿಲ್ಲ. ಆದರೆ ನಾಲ್ಕು ತಿಂಗಳಿಂದ ಸಾವಿನ ಸುದ್ದಿಯನ್ನೇ ಕೇಳುತ್ತಿದ್ದ ಜನ ನಸುಕಿನಲ್ಲಿ ಎದ್ದು ಕುಳಿತು ಆಟ ನೋಡಿದರು. ನಾಟಕ, ಹಬ್ಬ, ಜಾತ್ರೆಗಳಿಂದ ನಮ್ಮೂರಿಗೆ ಏನು ಬರುತ್ತದೆಯೋ ಅದು ಅವರಿಗೆ ಬಂತು. ತಂಡದವರು ಪಂದ್ಯ ಮುಗಿದಾಗ ಮೈದಾನದಲ್ಲಿ ಒಂದು ಬಟ್ಟೆಯ ಫಲಕ ಹಿಡಿದು ನಡೆಯುತ್ತಿದ್ದರು. ಕಷ್ಟದಲ್ಲಿ ನೆರವಾದ ಲೋಕದ ಮಿತ್ರರಿಗೆಲ್ಲ ವಂದನೆ ಎಂಬುದು ಅದರ ಅರ್ಥ.

ಗೆದ್ದ ಮೇಲೆ ಎಲ್ಲ ಸರಿಹೋಯಿತೆಂದೂ ತಿಳಿಯಬೇಡಿ. ಮರುವರ್ಷ ಲಂಡನ್ ಒಲಿಂಪಿಕ್ಸಿಗೆ ಹೊರಟಾಗ ಗಂಡಸರ ತಂಡಕ್ಕೆ ವಿಮಾನದಲ್ಲಿ ಮೇಲ್ದರ್ಜೆಯ ಆಸನ, ಲೋಕವನ್ನೇ ಗೆದ್ದ ಹೆಂಗಸರಿಗೆ ಅಗ್ಗದ ಆಸನ! ಬೆಳ್ಳಿ ಪದಕ ತಂದವರು ಹೆಂಗಸರೇ. 2023ರ ವಿಶ್ವಕಪ್ಪಿನಲ್ಲಂತೂ ಆಟ ಶುರುವಾಗಲು ಒಂದು ವಾರ ಉಳಿದಿರುವಾಗಷ್ಟೇ ಜಪಾನಿನ ಟೆಲಿವಿಷನ್ನಿನಲ್ಲಿ ಪಂದ್ಯಗಳನ್ನು ತೋರಿಸುವ ಒಪ್ಪಂದವಾಯಿತು. ಆ ಸಲ ಕಪ್ ಗೆದ್ದುದು ಸ್ಪೇನ್. ಅದೇ ಸ್ಪೇನಿಗೆ ಮೊದಲ ಸುತ್ತಿನಲ್ಲಿ ಜಪಾನಿನವರು ನಾಲ್ಕು ಗೋಲು ಹೊಡೆದಿದ್ದರು.

ನಮ್ಮವರೂ ಮತ್ತೆ ಎದ್ದಿದ್ದಾರೆ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ಪಟ್ಟಣದಲ್ಲಿ ಆ ದೇಶದವರನ್ನೇ 2-1ರಿಂದ ಸೋಲಿಸಿ, 2026ರ ಏಷ್ಯ ಕಪ್ಪಿಗೆ ಅರ್ಹತೆ ಪಡೆದರು. ಎರಡು ಗೋಲನ್ನೂ ಹೊಡೆದವಳು ಬಂಗಾಳದ ಸಂಗೀತಾ ಬಾಸ್ಫೋರ್. ಏಷ್ಯ ಕಪ್ಪಿನ ಗುಂಪುಗಳನ್ನು ಚೀಟಿ ಎತ್ತಿ ಮಾಡಿದಾಗ ನಮ್ಮ ಗುಂಪಿಗೇ ಬಂದ ಒಂದು ತಂಡ ಜಪಾನ್.

ಬಯಲಿನ ವಿಚಾರ ಬರುವ ಸೋಮವಾರದ ಸಭೆಗೆ ಬರುತ್ತದೆ. ಹುಡುಗಿಯರು ಕೇಳಿರುವುದು ಬುಧವಾರ ಮತ್ತು ಶನಿವಾರದ ಸಂಜೆ, ದನಗಳು ಹಟ್ಟಿಗೆ ತಿರುಗಿದ ಮೇಲೆ. ಆ ಎರಡು ದಿನ ಬಿಟ್ಟುಕೊಡಲು ಯುವಕ ಮಂಡಲದವರು ಒಪ್ಪಿದ್ದಾರೆ. ಬಡಗಣ ಮೂಲೆಯಲ್ಲಿ ಬಣವೆ ಹಾಕಿರುವವರು ಅದನ್ನು ಹತ್ತು ಮಾರು ಆಚೆಗೆ ಸರಿಸಬೇಕಾದೀತು. ಅವರೊಡನೆ ನಾನೇ ಮಾತನಾಡುತ್ತೇನೆ. ಮಕ್ಕಳನ್ನು ಕತ್ತಲಾಗುವ ಮುಂಚೆ ಮನೆ ಮುಟ್ಟಿಸುವ ಹೊಣೆಯನ್ನು ಮಹಿಳಾ ಮಂಡಲದ ಇಬ್ಬರು ತಾಯಂದಿರು ಹೊತ್ತಿದ್ದಾರೆ. ಚೆಂಡು ಶಾಲೆಯಲ್ಲಿ ಒಂದಿದೆ, ಗಾಳಿ ಹೊಡೆಯುವ ಪಂಪು ನನ್ನ ಸೈಕಲ್ಲಿನಲ್ಲಿದೆ. ಇನ್ನು ಬೇಕಾಗಿರುವುದು ಹಿರಿಯರ ಒಪ್ಪಿಗೆ. ಸೋಮವಾರ ನಾನು ಬಾಯಿ ಮುಚ್ಚಿಕೊಂಡು ಕೂರುವುದಿಲ್ಲವೆಂದು ಈಗಲೇ ತಿಳಿಸಿರುತ್ತೇನೆ.