ಬೆನ್ನುಮೂಳೆಯ ಪಾಲು

ಪೂರ್ವ ಆಫ್ರಿಕದ ವಿಕ್ಟೋರಿಯಾ ಸರೋವರದ ದಂಡೆಯ ಸಂತೆಗಳಲ್ಲಿ ‘ಮ್ಗೊಂಗೊ ವಾಜಿ’ ಎಂಬ ಸರಕು ಬಿಕರಿಯಾಗುತ್ತದೆ. ಸ್ವಾಹಿಲಿಯಲ್ಲಿ ಹಾಗೆಂದರೆ ‘ಬಯಲಾದ ಬೆನ್ನು’. ಮಾಂಸ ಕೊಯ್ದು ತೆಗೆದ ಮೇಲೆ ಉಳಿಯುವ ಮೀನಿನ ತಲೆ, ಬೆನ್ನುಮೂಳೆ ಮತ್ತು ಬಾಲವದು. ಬಡವರು ಅದನ್ನೇ ಕರಿದು ತಿನ್ನುತ್ತಾರೆ. ಹಾಗಾದರೆ ಮಾಂಸ ಎಲ್ಲಿಗೆ ಹೋಯಿತು?

ಕೀನ್ಯ, ಉಗಾಂಡ, ಟಾಂಜಾನಿಯಾಗಳು ಹಂಚಿಕೊಂಡಿರುವ ಈ ಸಿಹಿನೀರಿನ ಸರೋವರದ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರ್. ಬೇರೆಲ್ಲೂ ಕಾಣದ ನೂರಾರು ಜಾತಿಯ ಪುಟ್ಟ ಮೀನುಗಳು ಇಲ್ಲಿದ್ದವು. ಹೆಂಗಸರು ಅವನ್ನು ಬಿಸಿಲಿಗೆ ಒಣಗಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ, ಬ್ರಿಟಿಷರ ಆಡಳಿತವಿದ್ದಾಗ, ನೈಲ್ ಪರ್ಚ್ ಎಂಬ ಹೊರಗಿನ ಮೀನನ್ನು ಸರೋವರಕ್ಕೆ ಬಿಡಲಾಯಿತು. ಎರಡು ಮೀಟರ್‌ವರೆಗೂ ಬೆಳೆಯಬಲ್ಲ ಈ ಬೇಟೆಗಾರ ಮೀನು 1980ರ ದಶಕದಲ್ಲಿ ಮಿತಿಮೀರಿ ಹೆಚ್ಚಿತು. ಪುಟ್ಟ ಮೀನಿನ ಎಷ್ಟೋ ಜಾತಿಗಳು ಕಣ್ಮರೆಯಾದವು.

ಮೀನಿನ ಒಟ್ಟು ಇಳುವರಿ ಮಾತ್ರ ಹಲವು ಪಟ್ಟು ಏರಿತು. ಕಿಸುಮು, ಮ್ವಾಂಜಾ ಮುಂತಾದ ಊರುಗಳಲ್ಲಿ ಕಾರ್ಖಾನೆಗಳು ಎದ್ದವು. ಮೂಳೆ ತೆಗೆದ ಮಾಂಸ ಶೀತಲ ಪೆಟ್ಟಿಗೆಗಳಲ್ಲಿ ಯುರೋಪಿಗೆ ಹೊರಟಿತು. ವಿದೇಶಿ ವಿನಿಮಯ ಬಂತು, ಸಾವಿರಾರು ಜನರಿಗೆ ಕೆಲಸವೂ ಸಿಕ್ಕಿತು; ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊಬ್ಬು ಹೆಚ್ಚಿರುವ ಪರ್ಚ್ ಬಿಸಿಲಿಗೆ ಒಣಗದು. ಹೊಗೆಯಲ್ಲಿ ಬೇಯಿಸಲು ಸೌದೆ ಬೇಕು. ಕಾರ್ಖಾನೆ ಕೊಡುವ ಬೆಲೆ ಕೊಟ್ಟು ಮೀನು ಕೊಳ್ಳಲು ಸಂತೆಯ ಹೆಂಗಸರಿಗೆ ಸಾಧ್ಯವಾಗಲಿಲ್ಲ. ಅವರ ಪಾಲಿಗೆ ಮೂಳೆ ಉಳಿಯಿತು.

ದೂರದ ಮಾರುಕಟ್ಟೆಯನ್ನೇ ನೆಚ್ಚುವುದರ ಅಪಾಯ 1997ರಿಂದ 1999ರ ನಡುವೆ ತಿಳಿಯಿತು. ಸ್ವಚ್ಛತೆ, ಕಾಲರಾ, ಕೀಟನಾಶಕ ಎಂದು ಒಂದೊಂದು ಬಾರಿ ಒಂದೊಂದು ಕಾರಣಕ್ಕೆ ಯುರೋಪು ಈ ಮೀನಿಗೆ ಬಾಗಿಲು ಮುಚ್ಚಿತು. ಕಾರ್ಖಾನೆಗಳ ಕೆಲಸ ಕುಂಠಿತವಾಯಿತು; ದೋಣಿಯವರ ಆದಾಯ ಕುಸಿಯಿತು. ತೀರ್ಮಾನವಾದದ್ದು ಯುರೋಪಿನಲ್ಲಿ, ಅದರ ಪೆಟ್ಟು ಬಿದ್ದದ್ದು ಸರೋವರದ ದಂಡೆಯಲ್ಲಿ.

ಬಡವರ ತಟ್ಟೆಗೆ ಈಗ ಮುಖ್ಯವಾಗಿ ಒದಗುವುದು ‘ದಗಾ’. ಬೆರಳುದ್ದದ ಈ ಬೆಳ್ಳಿಬಣ್ಣದ ಮೀನನ್ನು ಮೂಳೆ ಸಮೇತ ತಿನ್ನುವುದರಿಂದ ಸುಣ್ಣದ ಅಂಶ, ಕಬ್ಬಿಣ ಎರಡೂ ದೊರೆಯುತ್ತವೆ. ಆದರೆ ಕೋಳಿ ಮತ್ತು ಸಾಕುಮೀನಿನ ಆಹಾರ ತಯಾರಿಸುವವರೂ ಇದನ್ನೇ ಕೊಳ್ಳುತ್ತಿದ್ದಾರೆ. ಬೂತಾಯಿ ಮೀನು ಹುಡಿಯ ಕಾರ್ಖಾನೆಗೆ ಹೋಗುವುದನ್ನು ಕಂಡಿರುವ ಕರ್ನಾಟಕದ ಕರಾವಳಿಗೆ ಇದು ಅಪರಿಚಿತ ಕಥೆಯಲ್ಲ.

ವ್ಯಾಪಾರವೇ ಬೇಡ ಎಂದು ಇದರ ಅರ್ಥವಲ್ಲ. ರಫ್ತಿನ ಹಣದಿಂದ ಧಾನ್ಯ ಕೊಳ್ಳಬಹುದು ಎಂಬ ವಾದವೂ ಇದೆ. ಆದರೆ ಆ ಹಣ ದಂಡೆಯ ಗುಡಿಸಲಿನವರೆಗೆ ತಲುಪಬೇಕು. ರಫ್ತಿನ ಲೆಕ್ಕದಲ್ಲಿ ಟನ್ನು, ಡಾಲರುಗಳಿರುತ್ತವೆ. ಮಗುವಿನ ತಟ್ಟೆಯಿಂದ ಮರೆಯಾದ ಮೀನು ಇರುವುದಿಲ್ಲ. ಆಹಾರ ಭದ್ರತೆಯ ಲೆಕ್ಕ ಆರಂಭವಾಗಬೇಕಾದದ್ದು ಆ ತಟ್ಟೆಯಿಂದ.