ನಾಲಿಗೆಯಲ್ಲ, ಹಲ್ಲು

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ)



ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಸುಣ್ಣಕಲ್ಲಿನಲ್ಲಿ ನಾಲಿಗೆಯ ಆಕಾರದ ನುಣುಪು ಕಲ್ಲುಗಳು ಹೇರಳವಾಗಿ ಸಿಗುತ್ತಿದ್ದವು. ಇಂಥ ಕಲ್ಲುಗಳು ಆಕಾಶದಿಂದ ಉದುರುತ್ತವೆ ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಸಂತ ಪಾಲನ ಮಹಿಮೆಯಿಂದ ಕಲ್ಲಾದ ಹಾವಿನ ನಾಲಿಗೆಗಳಿವು ಎಂಬ ಕಥೆ ಮಾಲ್ಟಾದಲ್ಲಿತ್ತು. ಇವು ವಿಷವನ್ನು ಪತ್ತೆಹಚ್ಚುತ್ತವೆಂದು ನಂಬಿ ಯುರೋಪಿನ ಸಿರಿವಂತರು ಊಟದ ಮೇಜಿನ ಮೇಲೆ ಇರಿಸಿಕೊಳ್ಳುತ್ತಿದ್ದರು.

1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಮೀನುಗಾರರಿಗೆ ಭಾರಿ ಶಾರ್ಕ್ ಒಂದು ಸಿಕ್ಕಿತು. ಅದರ ತಲೆಯನ್ನು ಫ್ಲಾರೆನ್ಸ್ ನಗರಕ್ಕೆ ತರಿಸಲಾಯಿತು. ಅಲ್ಲಿದ್ದ ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೊಲಾಸ್ ಸ್ಟೆನೊ ಅದನ್ನು ಸೀಳಿ ಪರೀಕ್ಷಿಸಿದ. ಆ ಬಾಯಿಯ ಹಲ್ಲಿಗೂ ಮಾಲ್ಟಾದ ‘ನಾಲಿಗೆ ಕಲ್ಲಿ’ಗೂ ಹೋಲಿಕೆ ಎದ್ದು ಕಾಣುತ್ತಿತ್ತು. ಫಾಬಿಯೊ ಕೊಲೊನ್ನ ಎಂಬ ಇಟಲಿಯ ವಿದ್ವಾಂಸ 1616ರಲ್ಲೇ ಈ ಮಾತು ಹೇಳಿದ್ದ. 1667ರಲ್ಲಿ ಸ್ಟೆನೊ ಇನ್ನೂ ಮುಂದಕ್ಕೆ ಹೋದ. ಹಲ್ಲು ನೆಲದಲ್ಲಿ ಬೆಳೆಯುವುದಿಲ್ಲ. ಅದು ಸಿಕ್ಕ ನೆಲ ಹಿಂದೆ ನೀರಿನಡಿ ಇದ್ದಿರಬೇಕು ಎಂದು ತರ್ಕಿಸಿದ. ಒಂದು ಹಲ್ಲನ್ನು ಸರಿಯಾಗಿ ಗುರುತಿಸಿದ್ದರಿಂದ ಒಂದು ಕಡಲೇ ಪತ್ತೆಯಾಯಿತು.

ಹಲ್ಲೇ ಏಕೆ ಉಳಿಯಿತು? ಶಾರ್ಕ್ ಮತ್ತು ತೊರಕೆ ಮೀನುಗಳ ಅಸ್ಥಿಪಂಜರ ಮೂಳೆಯದಲ್ಲ, ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯದು. ಸತ್ತ ಮೇಲೆ ಅದು ಬೇಗ ಕೊಳೆಯುತ್ತದೆ. ಹಲ್ಲುಗಳಾದರೋ ಗಟ್ಟಿ, ಜೀವಮಾನವಿಡೀ ಉದುರಿ ಹೊಸವು ಹುಟ್ಟುತ್ತವೆ. ಒಂದೇ ಶಾರ್ಕ್ ಸಾವಿರಾರು ಹಲ್ಲುಗಳನ್ನು ಕಡಲ ತಳಕ್ಕೆ ಚೆಲ್ಲುತ್ತದೆ.

ಇನ್ನು ಗುರುತಿಸುವ ಬಗೆ. ಹಲ್ಲಿನ ಮೇಲ್ಭಾಗ ಪಿಂಗಾಣಿಯಂತೆ ಹೊಳೆಯುತ್ತದೆ. ಬೇರು ಮಂಕಾಗಿ, ಸಣ್ಣ ರಂಧ್ರಗಳಿಂದ ಕೂಡಿರುತ್ತದೆ. ಬಣ್ಣವನ್ನು ನಂಬಬೇಡಿ. ಕಪ್ಪು, ಕಂದು ಬಣ್ಣಗಳು ಹೂತ ಮಣ್ಣಿನ ಖನಿಜಗಳಿಂದ ಬಂದವು, ವಯಸ್ಸಿನಿಂದಲ್ಲ. ಸೂಜಿಯಂತೆ ತೆಳ್ಳಗಿದ್ದರೆ ಅದು ಜಾರುವ ಮೀನನ್ನು ಚುಚ್ಚಿ ಹಿಡಿಯುವ ಹಲ್ಲು. ಅಗಲ ತ್ರಿಕೋನವಾಗಿ ಅಂಚು ಗರಗಸದಂತಿದ್ದರೆ ಮಾಂಸ ಕತ್ತರಿಸುವ ಹಲ್ಲು. ಚಪ್ಪಟೆ ಪಟ್ಟಿಯಾಗಿದ್ದು ತಳದಲ್ಲಿ ಸಮಾನಾಂತರ ಗೀರುಗಳಿದ್ದರೆ ಅದು ಚಿಪ್ಪು ಅರೆಯುವ ತೊರಕೆಯದು.

ಚರ್ಮದ ಫಲಕಗಳ ವಿಷಯದಲ್ಲಿ ತೊಡಕು ಹೆಚ್ಚು. ಶಾರ್ಕಿನ ಚರ್ಮ ಮರಳು ಕಾಗದದಂತೆ ಒರಟು. ಅದರ ಒಂದೊಂದು ಕಣವೂ ರಚನೆಯಲ್ಲಿ ಪುಟ್ಟ ಹಲ್ಲೇ: ಒಳಗೆ ತಿರುಳು, ಸುತ್ತ ದಂತದ್ರವ್ಯ, ಮೇಲೆ ಹೊಳಪಿನ ಲೇಪ. ಕೆಲವು ತೊರಕೆಗಳ ಮೈಮೇಲೆ ಇವೇ ದೊಡ್ಡದಾಗಿ ಬೆಳೆದು ಅಂಗಿಯ ಗುಂಡಿಯಂಥ ಫಲಕಗಳಾಗುತ್ತವೆ. ಅವುಗಳ ತಳ ದುಂಡಗೆ, ನಡುವೆ ಒಂದು ಮುಳ್ಳು ಅಥವಾ ಮುರಿದ ಮುಳ್ಳಿನ ಗುರುತು. ಕವಲೊಡೆದ ಬೇರಾಗಲಿ ಕತ್ತರಿಸುವ ಅಂಚಾಗಲಿ ಇರದು.

ಕರ್ನಾಟಕದ ಬಹುಪಾಲು ಶಿಲೆಗಳು ಮೀನು ಹುಟ್ಟುವುದಕ್ಕೂ ಹಿಂದಿನವು. ಅವುಗಳಲ್ಲಿ ಹುಡುಕಿ ಫಲವಿಲ್ಲ. ಆದರೆ ನೆರೆಯ ತಮಿಳುನಾಡಿನ ಅರಿಯಲೂರು ಸೀಮೆಯ ಕಾರೈ ಶಿಲಾಸ್ತರಗಳಲ್ಲಿ ‘ಟೈಕೋಡಸ್’ ಎಂಬ ಅಳಿದುಹೋದ ಶಾರ್ಕಿನ ಅರೆಯುವ ಹಲ್ಲುಗಳು ದೊರೆತಿವೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. 1872ರಿಂದ 1876ರವರೆಗೆ ಸಂಚರಿಸಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಪೆಸಿಫಿಕ್ ತಳದಿಂದ ಮೆಗಲೊಡಾನ್ ಎಂಬ ದೈತ್ಯ ಶಾರ್ಕಿನ ಹಲ್ಲುಗಳನ್ನು ಎತ್ತಿತ್ತು. ಅವುಗಳಿಗೆ ಅಂಟಿದ್ದ ಮ್ಯಾಂಗನೀಸ್ ಪದರದ ದಪ್ಪವನ್ನು ಅಳೆದು, ಹಲ್ಲುಗಳಿಗೆ ಹತ್ತಿಪ್ಪತ್ತು ಸಾವಿರ ವರ್ಷವಷ್ಟೇ ವಯಸ್ಸೆಂದು 1959ರಲ್ಲಿ ಲೆಕ್ಕ ಹಾಕಲಾಯಿತು. ಆ ಲೆಕ್ಕ ನಿಲ್ಲಲಿಲ್ಲ. ಮೆಗಲೊಡಾನ್ ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ಅಳಿಯಿತೆಂದು ಈಚಿನ ಅಧ್ಯಯನಗಳು ಹೇಳುತ್ತವೆ. ಹಲ್ಲು ಯಾರದೆಂದು ಗೊತ್ತಿತ್ತು. ಯಾವ ಸ್ತರದಿಂದ ಬಂತೆಂದು ಗೊತ್ತಿರಲಿಲ್ಲ.

ಆದ್ದರಿಂದ ಎಲ್ಲಾದರೂ ಇಂಥ ಹಲ್ಲು ಕಣ್ಣಿಗೆ ಬಿದ್ದರೆ ಕೀಳಲು ಆತುರಪಡಬೇಡಿ. ಸ್ಥಳ, ಸ್ತರ, ಅಕ್ಕಪಕ್ಕದ ಚಿಪ್ಪುಗಳನ್ನು ಗುರುತು ಹಾಕಿಕೊಂಡು ಭೂವಿಜ್ಞಾನ ಬಲ್ಲವರಿಗೆ ತಿಳಿಸಿ. ಕಿತ್ತು ಜೇಬಿಗೆ ಹಾಕಿದ ಹಲ್ಲು ಮೀನಿನ ಜಾತಿ ಹೇಳೀತು, ಆ ಕಡಲಿನ ಕಾಲ ಹೇಳದು.